ಅಡ್ಡದಾರಿ ಹಿಡಿದ ಪಿತ್ತ

ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿಯ ಬೇರಿನಲ್ಲಿ, ಬೆಳ್ಳುಳ್ಳಿ, ಈರುಳ್ಳಿಯಲ್ಲಿ ಇನ್ಯುಲಿನ್ ಎಂಬ ನಾರಿನಂಶವಿದೆ. ಕರುಳಿಗೆ ಒಳ್ಳೆಯದೆಂದು ಅದರ ಪುಡಿಯನ್ನು ಡಬ್ಬಿಯಲ್ಲಿ ತುಂಬಿ ಮಾರುವುದೂ ಉಂಟು. ಇಂಥ ಸಾಧು ಪದಾರ್ಥವನ್ನು ಆರು ತಿಂಗಳು ತಿಂದ ಪ್ರಯೋಗಾಲಯದ ಇಲಿಗಳಲ್ಲಿ ಕೆಲವಕ್ಕೆ ಕಾಮಾಲೆ ಬಂತು. ಕೊಯ್ದು ನೋಡಿದರೆ ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆಗಳು! ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದ ಮಟಂ ವಿಜಯ್‌ಕುಮಾರ್ ಮತ್ತು ಸಂಗಡಿಗರು 2018ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು.

ಕಾಫಿ ಲೋಟ ಕೆಳಗಿಡಬೇಕಿಲ್ಲ. ಅವು ಬಹುಪಾಲು ಸಾಮಾನ್ಯ ಇಲಿಗಳಲ್ಲ. ಬ್ಯಾಕ್ಟೀರಿಯಾಗಳ ಸುಳಿವು ಹಿಡಿಯುವ ಟಿಎಲ್‌ಆರ್5 ಎಂಬ ಪ್ರೋಟೀನು ಹುಟ್ಟಿನಿಂದಲೇ ಇಲ್ಲದಂತೆ ಮಾಡಿದ ತಳಿ ಅದು. ಕರುಳಿನ ಸೂಕ್ಷ್ಮಾಣುಗಳ ಹದ ಮೊದಲೇ ಕೆಟ್ಟಿತ್ತು. ನಾರನ್ನು ಹುದುಗಿಸುವ ಬ್ಯಾಕ್ಟೀರಿಯಾಗಳನ್ನು ತಗ್ಗಿಸಿದಾಗ ಕ್ಯಾನ್ಸರ್ ತಪ್ಪಿತು. ಪಿತ್ತಾಮ್ಲಗಳನ್ನು ಕರುಳಿನಲ್ಲೇ ಹಿಡಿದು ಮಲದೊಂದಿಗೆ ಹೊರಹಾಕುವ ಕೊಲೆಸ್ಟೈರಮೀನ್ ಎಂಬ ಹಳೆಯ ಔಷಧ ಕೊಟ್ಟಾಗಲೂ ರಕ್ಷಣೆ ಸಿಕ್ಕಿತು. ಅನುಮಾನ ಪಿತ್ತದ ಕಡೆ ಹೊರಳಿದ್ದು ಹೀಗೆ.

ಯಕೃತ್ತು ಕೊಲೆಸ್ಟ್ರಾಲ್‌ನಿಂದ ಪಿತ್ತಾಮ್ಲ ತಯಾರಿಸುತ್ತದೆ. ಅದು ಕರುಳಿಗಿಳಿದು ಸೋಪಿನಂತೆ ಜಿಡ್ಡನ್ನು ಒಡೆಯುತ್ತದೆ. ಕೆಲಸ ಮುಗಿದ ಮೇಲೆ ಸುಮಾರು ಶೇ 95ರಷ್ಟು ಪೋರ್ಟಲ್ ರಕ್ತನಾಳದ ಮೂಲಕ ಯಕೃತ್ತಿಗೇ ವಾಪಸ್. ಜಿಡ್ಡು ಒಡೆಯುವ ಗುಣ ಜೀವಕೋಶದ ಪೊರೆಯನ್ನೂ ಬಿಡುವುದಿಲ್ಲ. ಪಿತ್ತ ಕಟ್ಟಿಕೊಂಡರೆ ಕೋಶಗಳು ಸಾಯುತ್ತವೆ, ಅವುಗಳ ಜಾಗ ತುಂಬಲು ಉಳಿದವು ಅವಸರದಲ್ಲಿ ವಿಭಜನೆಯಾಗುತ್ತವೆ. ಕ್ಯಾನ್ಸರ್‌ಗೆ ಅಷ್ಟು ಎಡೆ ಸಾಕು.

ಆದರೆ ಅದೇ ತಳಿ, ಅದೇ ಮೇವು. ಒಂದಕ್ಕೆ ಗಡ್ಡೆ, ಇನ್ನೊಂದಕ್ಕೆ ಏನೂ ಇಲ್ಲ, ಏಕೆ? ನನ್ನ ಮಟ್ಟಿಗೆ ಇಡೀ ಕಥೆಯ ಸ್ವಾರಸ್ಯ ಇಲ್ಲಿದೆ. ಅದೇ ಗುಂಪು 2022ರಲ್ಲಿ ಉತ್ತರ ಕೊಟ್ಟಿತು. ರೋಗಕ್ಕೆ ಬಿದ್ದ ಇಲಿಗಳಿಗೆ ಹುಟ್ಟಿನಿಂದಲೇ ರಕ್ತನಾಳದ ದೋಷವಿತ್ತು. ಕರುಳಿನಿಂದ ಬಂದ ರಕ್ತ ಯಕೃತ್ತನ್ನು ಹೊಗದೆ ಅಡ್ಡದಾರಿಯಲ್ಲಿ ನೇರ ಮೈಗೆಲ್ಲ ಹರಿಯುತ್ತಿತ್ತು, ಪಿತ್ತಾಮ್ಲವನ್ನೂ ಹೊತ್ತುಕೊಂಡು. ಮರಿಯಾಗಿದ್ದಾಗಲೇ ರಕ್ತದ ಪಿತ್ತಾಮ್ಲ ಅಳೆದರೆ, ಇನ್ಯುಲಿನ್ ಯಾವುದಕ್ಕೆ ಮುಳುವಾದೀತೆಂದು ಮುಂಚೆಯೇ ಹೇಳಬಹುದಿತ್ತು.

ಹಾಗೆಂದು ಪಿತ್ತಾಮ್ಲವನ್ನು ಖಳನಾಯಕ ಮಾಡುವಂತಿಲ್ಲ. 2018ರಲ್ಲೇ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಟಿಮ್ ಗ್ರೆಟನ್ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೆ ತಿರುವುಮುರುವಾದ ಚಿತ್ರ ಮುಂದಿಟ್ಟಿತ್ತು. ಯಕೃತ್ತು ತಯಾರಿಸುವ ಮೂಲ ಪಿತ್ತಾಮ್ಲಗಳನ್ನು ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳು ಬೇರೆ ರೂಪಕ್ಕೆ ತಿರುಗಿಸುತ್ತವೆ. ಇಲಿಗಳಿಗೆ ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟು ಅವನ್ನು ಕೊಂದಾಗ ಮೂಲ ರೂಪ ಹೆಚ್ಚಿತು; ಅದರ ಪ್ರಚೋದನೆಯಿಂದ ಯಕೃತ್ತಿನ ರಕ್ತನಾಳಗಳ ಒಳಪದರ ಸಿಎಕ್ಸ್‌ಸಿಎಲ್16 ಎಂಬ ಪ್ರೋಟೀನನ್ನು ಹೆಚ್ಚಾಗಿ ಸ್ರವಿಸಿ ಎನ್‌ಕೆಟಿ ಎಂಬ ರಕ್ಷಕ ಕೋಶಗಳನ್ನು ಕರೆಸಿಕೊಂಡಿತು. ಗಡ್ಡೆ ಕುಗ್ಗಿತು.

ಇದನ್ನೋದಿ ಆಂಟಿಬಯೋಟಿಕ್ ನುಂಗಲು ಹೊರಡುವವರು ಒಂದನ್ನು ಗಮನಿಸಬೇಕು. ಇಲಿಯ ಪಿತ್ತದಲ್ಲಿ ಮ್ಯೂರಿಕೋಲಿಕ್ ಆಮ್ಲ ಧಾರಾಳ. ದೊಡ್ಡವರಾದ ಮನುಷ್ಯರಲ್ಲಿ ಅದು ಇಲ್ಲವೆಂದೇ ಹೇಳಬೇಕು. ಅದು ಸೌಮ್ಯ, ನಮ್ಮ ಪಿತ್ತ ಹೆಚ್ಚು ಖಾರ. ಪ್ರಾಣಿಯಲ್ಲಿ ಕಂಡದ್ದು ಮನುಷ್ಯನಲ್ಲೂ ಹಾಗೆಯೇ ನಡೆಯಬೇಕೆಂದಿಲ್ಲ. ಆದರೂ ಟೊಲಿಡೊ ತಂಡ ಸಂಗ್ರಹದಲ್ಲಿದ್ದ ಮನುಷ್ಯರ ರಕ್ತದ ಮಾದರಿಗಳನ್ನೂ ತೆಗೆದು ನೋಡಿತು. ಮುಂದೆ ಯಕೃತ್ತಿನ ಕ್ಯಾನ್ಸರ್ ಬಂದವರಲ್ಲಿ ಪಿತ್ತಾಮ್ಲದ ಮಟ್ಟ ಮೊದಲೇ ಏರಿತ್ತು. ಆ ಪರೀಕ್ಷೆಗೆ ಹೊಸ ಯಂತ್ರವೇನೂ ಬೇಕಿಲ್ಲ. ತುಂಬು ಬಸುರಿಗೆ ಅಂಗೈ, ಅಂಗಾಲು ವಿಪರೀತ ತುರಿಸುತ್ತಿದ್ದರೆ ವೈದ್ಯರು ಈಗಲೂ ಅದನ್ನೇ ಬರೆದುಕೊಡುತ್ತಾರೆ.