ಸಂಜೆ ನಾಲ್ಕರ ನ್ಯಾಯಬೆಲೆ

‘ತಾರತಮ್ಯ’ ಎಂಬ ಮಾತು ನಮ್ಮ ಕಿವಿಗೆ ಹಿತವಾದುದಲ್ಲ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ‘ಬೆಲೆ ತಾರತಮ್ಯ’ ಬಹು ಪರಿಚಿತವಾದ ಪರಿಕಲ್ಪನೆ. ಒಂದೇ ಸರಕನ್ನು ಬೇರೆ ಬೇರೆ ಗ್ರಾಹಕರಿಗೆ ಬೇರೆ ಬೇರೆ ಬೆಲೆಗೆ ಮಾರುವ ಈ ಪರಿಪಾಠವನ್ನು ಕೇಂಬ್ರಿಜ್‌ನ ಆರ್ಥರ್ ಪಿಗು 1920ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮೂರು ದರ್ಜೆಗಳಾಗಿ ವಿಂಗಡಿಸಿದ್ದರು. ಸರ್ಕಾರಿ ಸೇವೆಯ ಕಡತಗಳ ನಡುವೆ ನಾನು ಹೆಚ್ಚುಕಡಿಮೆ ಮರೆತೇ ಹೋಗಿದ್ದ ಆ ಪಾಠ, ನಿವೃತ್ತಿಯ ನಂತರ ಬೆಂಗಳೂರಿನ ಒಂದು ರೆಸ್ಟೊರೆಂಟಿನಲ್ಲಿ ಕಡಲೆಬೀಜದ ತಟ್ಟೆಯ ಮುಂದೆ ಮತ್ತೆ ನೆನಪಾಯಿತು.

ಹಳೆಯ ರೈಲು ನಿಲ್ದಾಣದ ಮಾದರಿಯಲ್ಲಿ ಅಲಂಕರಿಸಲಾದ ರೆಸ್ಟೊರೆಂಟ್ ಅದು. ಬೋಗಿಯಂಥ ಕೋಣೆಗಳು, ಮರದ ಬೆಂಚುಗಳು, ಕೆಂಪು ಹಸಿರು ಕೈದೀಪಗಳು. ಊಟದ ಪಟ್ಟಿಯೇ ರೈಲ್ವೆ ವೇಳಾಪಟ್ಟಿಯ ರೂಪದಲ್ಲಿ. ವಾರದ ದಿನಗಳಲ್ಲಿ ಸಂಜೆ ನಾಲ್ಕರಿಂದ ಏಳರವರೆಗೆ ಅಲ್ಲಿ ‘ಹ್ಯಾಪಿ ಅವರ್ಸ್’. ರಾತ್ರಿ 400 ರೂಪಾಯಿಯ ಬಿಯರ್ ಆಗ 250ಕ್ಕೆ ದೊರೆಯುತ್ತದೆ. ಮೆಣಸಿನಕಾಯಿ ಬಜ್ಜಿ, ಗೋಬಿ ಮಂಚೂರಿ, ಈರುಳ್ಳಿ ಕೊತ್ತಂಬರಿ ಉದುರಿಸಿದ ಕಾಂಗ್ರೆಸ್ ಕಡಲೆಬೀಜ ಇವೆಲ್ಲ ಅರ್ಧ ಬೆಲೆಗೆ. ತಿಂಗಳಿಗೆ ಎರಡು ಬುಧವಾರ ನಾವು ಮೂವರು ನಿವೃತ್ತರು ಅಲ್ಲಿ ಸೇರುತ್ತೇವೆ. ಒಬ್ಬರಿಗೆ ಒಂದೇ ಗ್ಲಾಸ್ ಎಂಬುದು ನಮ್ಮ ಅಲಿಖಿತ ನಿಯಮ. ಪಿಂಚಣಿದಾರನ ಜೇಬಿಗೆ ಭಾರವೆನಿಸದ ಸಂತೋಷವಿದು.

ವ್ಯಾಪಾರಿಗೆ ಇದರಿಂದ ನಷ್ಟವಾಗದೆ ಎಂದು ಕೆಲವರು ಕೇಳುವುದುಂಟು. ಬಾಡಿಗೆ, ಪರವಾನಗಿ ಶುಲ್ಕ, ನೌಕರರ ಸಂಬಳ ಇವು ಗಿರಾಕಿ ಬಂದರೂ ಬಾರದಿದ್ದರೂ ತಪ್ಪದ ಖರ್ಚುಗಳು. ಸಂಜೆ ನಾಲ್ಕಕ್ಕೆ ಖಾಲಿ ಉಳಿದ ಕುರ್ಚಿಯನ್ನು ಉಗ್ರಾಣದಲ್ಲಿಟ್ಟು ರಾತ್ರಿ ಒಂಬತ್ತಕ್ಕೆ ಮಾರಲು ಬರುವುದಿಲ್ಲ. ಹೊತ್ತು ಕಳೆದ ಸೊಪ್ಪಿನಂತೆ ಅದರ ಬೆಲೆ ಅಲ್ಲಿಗೇ ಮುಗಿಯುತ್ತದೆ. ಅಲಂಕಾರಕ್ಕೆ ದೊಡ್ಡ ಬಂಡವಾಳ ಹೂಡಿದ ಥೀಮ್ ರೆಸ್ಟೊರೆಂಟುಗಳಿಗಂತೂ ಈ ಒತ್ತಡ ಇನ್ನೂ ಹೆಚ್ಚು. ಹೊಸತನದ ಆಕರ್ಷಣೆ ಕರಗಿದ ಮೇಲೆ ಅದೇ ಅಲಂಕಾರವನ್ನು ಮತ್ತೆ ಮತ್ತೆ ನೋಡಲು ಜನರನ್ನು ಕರೆತರುವುದು ಬೆಲೆಯೊಂದೇ. ಬಾಹ್ಯಾಕಾಶ ನೌಕೆಯ ಒಳಾಂಗಣವನ್ನು ಹೋಲುತ್ತಿದ್ದ ಚರ್ಚ್ ಸ್ಟ್ರೀಟಿನ ‘ನಾಸಾ’ ಪಬ್ಬನ್ನು ಕಂಡಿದ್ದ ಬೆಂಗಳೂರಿಗರಿಗೆ ಈ ಬಗೆಯ ಅಲಂಕಾರ ಹೊಸದೇನೂ ಅಲ್ಲ.

ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ದರ ಇಳಿಸುವ ತತ್ವ ಹೋಟೆಲಿಗಷ್ಟೇ ಸೀಮಿತವಲ್ಲ. 1996ರಲ್ಲಿ ನೊಬೆಲ್ ಪುರಸ್ಕಾರ ಪಡೆದ ವಿಲಿಯಂ ವಿಕ್ರಿ, ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಹೊತ್ತಿಗೆ ತಕ್ಕ ದರವಿರಬೇಕೆಂದು 1950ರ ದಶಕದಲ್ಲೇ ಸೂಚಿಸಿದ್ದರು. ನಮ್ಮ ಮೆಟ್ರೊ ಕೂಡ 2025ರ ಫೆಬ್ರುವರಿಯಲ್ಲಿ ದರ ಪರಿಷ್ಕರಿಸಿದಾಗ, ದಟ್ಟಣೆ ಇಲ್ಲದ ಅವಧಿಯಲ್ಲಿ ಸ್ಮಾರ್ಟ್ ಕಾರ್ಡ್ ಬಳಸುವವರಿಗೆ ಹೆಚ್ಚುವರಿ ರಿಯಾಯಿತಿಯನ್ನು ಪ್ರಕಟಿಸಿತು. ಸಮಯವಿದ್ದು ಹಣ ಕಡಿಮೆಯಿರುವವರಿಗೂ, ಹಣವಿದ್ದು ಸಮಯ ಕಡಿಮೆಯಿರುವವರಿಗೂ ಏಕಕಾಲದಲ್ಲಿ ಅನುಕೂಲ ಕಲ್ಪಿಸುವ ಇಂಥ ತಾರತಮ್ಯವನ್ನು ನಾನು ನ್ಯಾಯಬೆಲೆಯೆಂದೇ ಕರೆಯಬಯಸುತ್ತೇನೆ.

ನಮ್ಮ ಮೂವರಲ್ಲಿ ಒಬ್ಬರು ಪತ್ನಿಯನ್ನು ಕಳೆದುಕೊಂಡವರು. ಮಗ, ಸೊಸೆ ಇರುವುದು ವಿದೇಶದಲ್ಲಿ. ಒಮ್ಮೆ ಮಳೆಯ ಕಾರಣದಿಂದ ಭೇಟಿಯನ್ನು ಮುಂದೂಡೋಣವೆಂದಾಗ ಅವರು ಫೋನಿನಲ್ಲಿ, “ಬೇಡ ಮಾರಾಯರೇ, ಆಟೊ ಹಿಡಿದಾದರೂ ಬನ್ನಿ. ನಾನು ಸೋಮವಾರದಿಂದ ಯಾರ ಜತೆಗೂ ಕೂತು ಮಾತಾಡಿಲ್ಲ” ಎಂದರು. ಆ ಮಾತಿನ ಮುಂದೆ ಬಿಯರಿನ ಬೆಲೆ ಗೌಣವಾಯಿತು. ವಯಸ್ಸಾದವರು ಒಂದೆರಡು ತಾಸು ಮರ್ಯಾದೆಯಿಂದ ಕುಳಿತು ಮಾತನಾಡಬಹುದಾದ ತಾಣಗಳು ಈ ನಗರದಲ್ಲಿ ವಿರಳವಾಗುತ್ತಿವೆ. ಎಂ.ಜಿ. ರಸ್ತೆಯಲ್ಲಿ ದಶಕಗಳ ಕಾಲ ನಮ್ಮನ್ನು ಸಹಿಸಿಕೊಂಡಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಆ ಜಾಗವನ್ನು ತೆರವು ಮಾಡಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು. ದರ್ಶಿನಿಗಳಲ್ಲಿ ನಿಂತೇ ತಿನ್ನಬೇಕು. ಮಂಡಿನೋವಿನವರಿಗೆ ಅದು ಶಿಕ್ಷೆ. ಹೀಗಿರುವಾಗ ಸಂಜೆಯ ಅಗ್ಗದ ಮೂರು ತಾಸುಗಳು ನಮ್ಮಂಥವರಿಗೆ ಒದಗಿಸುತ್ತಿರುವುದು ಮುಖ್ಯವಾಗಿ ಒಂದು ಕುರ್ಚಿಯನ್ನು ಮತ್ತು ಎದುರಿಗೊಂದು ಮುಖವನ್ನು.

ಈ ಪದ್ಧತಿಯಲ್ಲಿ ದೋಷವೇ ಇಲ್ಲವೆಂದು ಇದರರ್ಥವಲ್ಲ. ಮೊದಲನೆಯ ದೋಷ, ‘ಒಂದು ಕೊಂಡರೆ ಒಂದು ಉಚಿತ’ ಎಂಬ ಕೊಡುಗೆ. ಒಂದು ಗ್ಲಾಸಿನ ಬೆಲೆಯನ್ನು ಇಳಿಸುವುದಕ್ಕೂ, ಎರಡನೆಯ ಗ್ಲಾಸನ್ನು ಕೇಳದೆಯೇ ಮುಂದೆ ತಂದಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಗ್ರಾಹಕನ ಹಣ ಉಳಿಸಿದರೆ, ಎರಡನೆಯದು ಅವನ ಸೇವನೆಯ ಪ್ರಮಾಣವನ್ನೇ ಹೆಚ್ಚಿಸುತ್ತದೆ. ರಕ್ತದ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮದ್ಯಾಂಶ ಮೀರಿದರೆ ವಾಹನ ಚಲಾಯಿಸುವುದು ನಮ್ಮ ಕಾನೂನಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೇ 10,000 ರೂಪಾಯಿ ದಂಡ ವಿಧಿಸಬಹುದು. ಒಂದೆಡೆ ರಸ್ತೆಯಲ್ಲಿ ತಪಾಸಣೆ, ಇನ್ನೊಂದೆಡೆ ಉಚಿತ ಗ್ಲಾಸಿನ ಆಮಿಷ. ಇವೆರಡೂ ಒಂದೇ ಊರಿನಲ್ಲಿರುವುದು ವಿಪರ್ಯಾಸ.

ಎರಡನೆಯ ದೋಷ ಇನ್ನೂ ವಿಚಿತ್ರವಾದುದು. ಬೇರೊಂದು ಕಡೆ ನನ್ನ ಪತ್ನಿ ನಿಂಬೆ ಸೋಡಾ ತರಿಸಿದಾಗ ಅದಕ್ಕೆ ಪೂರ್ಣ ಬೆಲೆ ತೆರಬೇಕಾಯಿತು. “ಆಫರ್ ಲಿಕ್ಕರ್‌ಗೆ ಮಾತ್ರ ಮೇಡಂ” ಎಂದು ಆ ಹುಡುಗ ವಿನಯದಿಂದಲೇ ಹೇಳಿದ. “ಅಲ್ಲಾ ರೀ, ಕುಡಿಯದವರಿಗೆ ಇವರು ಹಾಕುವ ದಂಡವೇನು ಇದು?” ಎಂದು ಅವಳು ಕೇಳಿದ ಪ್ರಶ್ನೆಗೆ ನನ್ನ ಸ್ನಾತಕೋತ್ತರ ಪದವಿಯಲ್ಲಿ ಸಮಂಜಸವಾದ ಉತ್ತರವಿರಲಿಲ್ಲ. ಖಾಲಿ ಕುರ್ಚಿಯನ್ನು ತುಂಬುವುದಷ್ಟೇ ಉದ್ದೇಶವಾದರೆ ಸೋಡಾ ಕುಡಿಯುವವರೂ ಅದನ್ನು ತುಂಬುತ್ತಾರಲ್ಲ?

ಈ ಪದದ ಮೂಲವನ್ನು ಹುಡುಕಿದರೆ ಇನ್ನೊಂದು ಸ್ವಾರಸ್ಯ ಎದುರಾಗುತ್ತದೆ. 1910ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಹಡಗುಗಳಲ್ಲಿ ನಾವಿಕರ ಬೇಸರ ಕಳೆಯಲು ಏರ್ಪಡಿಸುತ್ತಿದ್ದ ಸಂಗೀತ, ಕುಸ್ತಿ, ಮುಷ್ಟಿಯುದ್ಧಗಳ ಹೊತ್ತಿಗೆ ‘ಹ್ಯಾಪಿ ಅವರ್’ ಎಂಬ ಹೆಸರಿತ್ತು. ಅದೇ ನೌಕಾಪಡೆ 1914ರಲ್ಲಿ ಹಡಗುಗಳಲ್ಲಿ ಮದ್ಯವನ್ನು ನಿಷೇಧಿಸಿತು. ಅಂದರೆ ಆ ಗಳಿಗೆಯ ಮೂಲ ಆಶಯ ಒಡನಾಟ; ಅಗ್ಗದ ಮದ್ಯ ಅದಕ್ಕೆ ಅಂಟಿಕೊಂಡದ್ದು ನಂತರ.

ಮದ್ಯಪಾನದ ಅನಾಹುತಗಳನ್ನು ಕಂಡು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1984ರಲ್ಲಿ, ಐರ್ಲೆಂಡ್ ದೇಶ 2003ರಲ್ಲಿ ಇಂಥ ರಿಯಾಯಿತಿಗಳನ್ನು ನಿಷೇಧಿಸಿದವು. ನಮ್ಮಲ್ಲಿ ಅಷ್ಟು ದೂರ ಹೋಗಬೇಕೆಂದು ನನಗನ್ನಿಸುವುದಿಲ್ಲ. ಅಬಕಾರಿ ಆದಾಯವನ್ನು ನೆಚ್ಚಿಕೊಂಡ ಸರ್ಕಾರ ಅದಕ್ಕೆ ಮನಸ್ಸು ಮಾಡೀತೆಂಬ ಭರವಸೆಯೂ ಇಲ್ಲ. 2023ರ ಜುಲೈನ ರಾಜ್ಯ ಬಜೆಟ್ ಆ ಸಾಲಿಗೆ ಅಬಕಾರಿಯಿಂದ ನಿರೀಕ್ಷಿಸಿದ್ದು 36,000 ಕೋಟಿ ರೂಪಾಯಿ. ಆದರೆ ಪೂರ್ಣ ನಿಷೇಧ ಮತ್ತು ಪೂರ್ಣ ಉದಾಸೀನದ ನಡುವೆ ಒಂದು ಹದವಾದ ದಾರಿಯಿದೆ. ಪ್ರಮಾಣವನ್ನು ಹೆಚ್ಚಿಸುವ ಉಚಿತ ಗ್ಲಾಸಿನ ಕೊಡುಗೆಗಳನ್ನು ಕೈಬಿಟ್ಟು, ಒಂದೊಂದು ಗ್ಲಾಸಿನ ಬೆಲೆಯನ್ನೇ ಇಳಿಸಲಿ. ಮದ್ಯಕ್ಕೆ ರಿಯಾಯಿತಿ ನೀಡುವವರು ಅದೇ ಹೊತ್ತಿನಲ್ಲಿ ತಿಂಡಿಗೂ ಕಾಫಿ, ಶರಬತ್ತುಗಳಿಗೂ ಅಷ್ಟೇ ರಿಯಾಯಿತಿ ನೀಡಬೇಕೆಂಬ ಷರತ್ತನ್ನು ಪರವಾನಗಿಯಲ್ಲೇ ಸೇರಿಸಲಿ. ಕಡತ ಮಂಡಿಸಿ ಅನುಭವವಿರುವ ನನಗೆ ಇದಕ್ಕೆ ಎರಡು ಸಾಲಿನ ಟಿಪ್ಪಣಿ ಸಾಕೆನಿಸುತ್ತದೆ. ಕುಡಿಯುವವರಂತೆ ಕುಡಿಯದವರೂ ಸಂಜೆಯ ಆ ಕುರ್ಚಿಗಳಿಗೆ ಸಮಾನ ಹಕ್ಕುದಾರರಾದಾಗಲೇ ಅದನ್ನು ನಿಜವಾದ ಅರ್ಥದಲ್ಲಿ ಸಂತೋಷದ ಗಳಿಗೆ ಎನ್ನಬಹುದು.