ಇಂಚಿಂಚಾಗಿ ಸರಿಸಿದ ಸೆಸ್ನಾ

ಫ್ಲೈಟ್ ಸಿಮ್ಯುಲೇಟರ್ ಎಂದರೆ ಬರೀ ಗೇಮ್ ಎಂದುಕೊಂಡವರೇ ಹೆಚ್ಚು. ಸ್ವಯಂಸೇವಕರು ಬೆಳೆಸಿರುವ ಉಚಿತ ತಂತ್ರಾಂಶ ಫ್ಲೈಟ್‌ಗಿಯರ್ ಹಾಕಿಕೊಂಡು ನೋಡಿ. ಅದರಲ್ಲಿರುವ ಸೆಸ್ನಾ 172ರ ತೂಕ, ರೆಕ್ಕೆಯ ವಿಸ್ತೀರ್ಣ, ಗುರುತ್ವ ಕೇಂದ್ರ ಎಲ್ಲವೂ ಎಕ್ಸ್‌ಎಂಎಲ್ ಕಡತದಲ್ಲಿವೆ. ನೋಟ್‌ಪ್ಯಾಡ್‌ನಲ್ಲೇ ತಿದ್ದಬಹುದು. ಮೂಲದ ಒಂದು ಪ್ರತಿ ತೆಗೆದಿಟ್ಟುಕೊಂಡರಾಯಿತು.

ನಾನು ಗುರುತ್ವ ಕೇಂದ್ರವನ್ನು ಇಂಚಿಂಚಾಗಿ ಹಿಂದಕ್ಕೆ ಸರಿಸಿ ಹಾರಿಸಿದೆ. ಒಂದು ಹಂತ ದಾಟಿದ ಮೇಲೆ, ಮೇಲೆದ್ದ ಮೂಗು ತಾನಾಗಿ ಇಳಿಯಲೇ ಇಲ್ಲ. ಏರುತ್ತಲೇ ಹೋಗಿ ವಿಮಾನ ಸ್ಟಾಲ್ ಆಯಿತು. ತೀರಾ ಮುಂದಕ್ಕೆ ತಂದರೆ ವಿಮಾನ ಸ್ಥಿರವಾಗಿರುತ್ತದೆ, ಆದರೆ ಇಳಿಸುವಾಗ ಎಷ್ಟು ಎಳೆದರೂ ಮೂಗು ಏಳದು. ಪರೀಕ್ಷೆಗೆಂದು ಉರು ಹೊಡೆಯುವ ‘ನ್ಯೂಟ್ರಲ್ ಪಾಯಿಂಟ್’ ಎಂದರೆ ಆ ಹಂತವೇ!

ದುಡ್ಡು ಕೊಟ್ಟು ಕೊಳ್ಳುವ ಆಡ್-ಆನ್‌ಗಳ ಕಾಕ್‌ಪಿಟ್ ಚೆಂದ, ನಿಜ. ಒಳಗಿನ ಲೆಕ್ಕ ಮುಟ್ಟಲು ಎಲ್ಲವೂ ಬಿಡುವುದಿಲ್ಲ. ಈ ಸೆಸ್ನಾದ ಲೆಕ್ಕ ಮಾಡುವ ಜೆಎಸ್‌ಬಿಸಿಮ್ ಅನ್ನು ಸಂಶೋಧಕರೂ ಬಳಸುತ್ತಾರೆ. ಹಾಗಾಗಿ ಸಂದರ್ಶನದಲ್ಲಿ ಹೇಳಿಕೊಳ್ಳಲು ಸಂಕೋಚ ಬೇಡ.

ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದೀರಾ? ಇದೇ ವಿಮಾನವನ್ನು ಮಂಗಳೂರಿನಿಂದ ಒಮ್ಮೆ, ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಿಂದ ಒಮ್ಮೆ ಏರಿಸಿ. ತೆಳು ಗಾಳಿಗೆ ಎಷ್ಟು ಹೆಚ್ಚು ರನ್‌ವೇ ಬೇಕಾಯಿತೆಂದು ಅಳೆಯಿರಿ.