ಒಣಮೀನಿನಲ್ಲಿ ಉಳಿಯುವ ಲೋಹ

ಇಂಡಿ, ಸಿಂದಗಿಯವರಿಗೆ ಭೀಮೆ ಹತ್ತಿರ. ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೆ ಕೃಷ್ಣೆ ಹತ್ತಿರ. ಹೊಳೆಮೀನು ಇಲ್ಲಿ ತಾಜಾ ಸಿಗುತ್ತದೆ, ಕಡಲು ಮಾತ್ರ ದೂರ. ಹಾಗಾಗಿ ಸಮುದ್ರದ ಬಂಗಡೆ, ತಾರ್ಲೆ, ಸಿಗಡಿ ಹಿಂದಿನಿಂದಲೂ ಈ ಬಯಲುಸೀಮೆಗೆ ಒಣಗಿಯೇ ಬಂದಿವೆ. ಜೋಳದ ರೊಟ್ಟಿಯ ಜೊತೆಗಿನ ಒಂದು ತುಂಡು ಒಣಮೀನು ಬಡವರ ತಟ್ಟೆಗೆ ಒಳ್ಳೆಯ ಪ್ರೋಟೀನು. ಅದನ್ನು ಬಿಡಬೇಕಾಗಿಲ್ಲ. ಆದರೆ ಯಾವ ಮೀನು, ಯಾರಿಗೆ, ಎಷ್ಟು ಎಂಬುದು ಗೊತ್ತಿರಬೇಕು.

ಉಪ್ಪು ಮತ್ತು ಬಿಸಿಲು ಮೀನಿನ ನೀರನ್ನು ಹೀರಿ ತೆಗೆಯುತ್ತವೆ. ನೀರಿಲ್ಲದಿದ್ದರೆ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಲೋಹಗಳು ಮಾತ್ರ ನೀರಿನ ಜೊತೆ ಹೋಗುವುದಿಲ್ಲ. ಒಂದು ಕಿಲೋ ಹಸಿಮೀನು ಒಣಗಿ ಸುಮಾರು 350 ಗ್ರಾಂ ಆದಾಗ ಒಂದು ಕಿಲೋದಲ್ಲಿದ್ದ ಲೋಹವೆಲ್ಲ ಆ 350 ಗ್ರಾಂನಲ್ಲೇ ಇರುತ್ತದೆ.

ಇವುಗಳಲ್ಲಿ ಹೆಚ್ಚು ಅಪಾಯಕಾರಿ ಪಾದರಸ. ಕಲ್ಲಿದ್ದಲು ಉರಿಸಿದಾಗಿನ ಹೊಗೆಯಿಂದಲೂ ಕಾರ್ಖಾನೆಗಳ ತ್ಯಾಜ್ಯದಿಂದಲೂ ಅದು ಕಡಲು ಸೇರುತ್ತದೆ. ನಮ್ಮ ಕರಾವಳಿಯೂ ಇದರಿಂದ ಹೊರತಲ್ಲ: ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದರ ಸುತ್ತಲಿನ ಪಾದರಸದ ಬಗ್ಗೆ 1990ರಲ್ಲೇ ಅಧ್ಯಯನ ಪ್ರಕಟವಾಗಿದೆ. ನೀರಿನ ತಳದ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಅದನ್ನು ಪಾಚಿ ಹೀರುತ್ತದೆ, ಪಾಚಿಯನ್ನು ಸಣ್ಣ ಜೀವಿ, ಅದನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು ತಿನ್ನುತ್ತದೆ. ಪ್ರತಿ ಹಂತದಲ್ಲೂ ಪ್ರಮಾಣ ಏರುತ್ತದೆ. ಅದು ಮಾಂಸದ ಪ್ರೋಟೀನಿಗೇ ಅಂಟಿಕೊಳ್ಳುವುದರಿಂದ ತೊಳೆದರೂ ಹುರಿದರೂ ಹೋಗದು.

ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದವರಿಗೆ ಕೈಕಾಲು ನಡುಗಿದವು, ಕಣ್ಣು ಮಂಜಾಯಿತು. ಆ ಕಾಯಿಲೆ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ. ತಾಯಿಗೆ ಹೆಚ್ಚೇನೂ ಆಗದಿದ್ದರೂ ಮಗು ನರದೋಷದೊಂದಿಗೆ ಹುಟ್ಟಿದ್ದುಂಟು. ಮೀಥೈಲ್ ಪಾದರಸ ಹೊಕ್ಕುಳಬಳ್ಳಿಯ ಮೂಲಕ ಭ್ರೂಣದ ಮಿದುಳು ಸೇರುತ್ತದೆ.

ಈಗ ಲೆಕ್ಕ ಹಾಕೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿಯ ಪ್ರಕಾರ, ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ ಮಿತಿ. 50 ಕಿಲೋ ತೂಕದ ಹೆಂಗಸಿಗೆ ಅದು 80 ಮೈಕ್ರೋಗ್ರಾಂ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪರೀಕ್ಷೆಗಳಲ್ಲಿ ತಾರ್ಲೆಯ ಬಳಗದ ಸಾರ್ಡೀನ್‌ನಲ್ಲಿ ಸಿಕ್ಕ ಪಾದರಸ ಕಿಲೋಗೆ ಸರಾಸರಿ 0.013 ಮಿಲಿಗ್ರಾಂ, ಶಾರ್ಕ್‌ನಲ್ಲಿ ಸುಮಾರು 0.98 ಮಿಲಿಗ್ರಾಂ. ಇದೇ ಪ್ರಮಾಣ ಹಿಡಿದರೆ ಒಣಗಿಸಿದ ತಾರ್ಲೆಯನ್ನು ವಾರಕ್ಕೆ ಎರಡು ಕಿಲೋ ತಿಂದರೂ ಆ ಮಿತಿ ಮುಟ್ಟದು. ಒಣ ಶಾರ್ಕ್ ಆದರೆ 30 ಗ್ರಾಂ ಸಾಕು, ಮಿತಿ ದಾಟುತ್ತದೆ. ವ್ಯತ್ಯಾಸ ಒಣಗಿಸಿದ್ದರಲ್ಲಿಲ್ಲ, ಮೀನಿನ ಜಾತಿಯಲ್ಲಿದೆ.

ಸಣ್ಣ ಮೀನಿಗೂ ಒಂದು ಎಚ್ಚರ ಬೇಕು. ಕ್ಯಾಡ್ಮಿಯಂ ಹೆಚ್ಚಾಗಿ ಸೇರುವುದು ಮೀನಿನ ಕರುಳು-ಪಿತ್ತಜನಕಾಂಗದಲ್ಲಿ, ಸಿಗಡಿಯಾದರೆ ತಲೆಯೊಳಗೆ. ನಮ್ಮ ಮೂತ್ರಪಿಂಡ ಹೊಕ್ಕರೆ ಅದು ಹತ್ತಾರು ವರ್ಷ ಉಳಿಯುತ್ತದೆ. ಆದ್ದರಿಂದ ಅಡುಗೆಗೆ ಮುನ್ನ ತಲೆ ಕಿತ್ತು, ಹೊಟ್ಟೆ ಸೀಳಿ ಒಳಗಿನ ಒಣಗಿದ ಕಪ್ಪು ಭಾಗವನ್ನು ಕೆರೆದು ತೆಗೆಯಿರಿ. ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿ. ಉಪ್ಪು ಇಳಿಯುತ್ತದೆ, ರಸ್ತೆ ಬದಿ ಒಣಗಿಸಿದ್ದರೆ ಮೇಲೆ ಕೂತ ಧೂಳೂ ಅದರಲ್ಲಿರಬಹುದಾದ ಸೀಸವೂ ಹೋಗುತ್ತದೆ. ರಕ್ತದೊತ್ತಡ ಇರುವವರಿಗಂತೂ ಉಪ್ಪು ಇಳಿಸುವುದು ಕಡ್ಡಾಯ.

ಲೋಹವನ್ನು ಕಣ್ಣು, ಮೂಗು, ನಾಲಿಗೆ ಪತ್ತೆ ಮಾಡಲಾರವು, ಪ್ರಯೋಗಾಲಯವೇ ಬೇಕು. ಆಹಾರ ಸುರಕ್ಷತಾ ಅಧಿಕಾರಿಗಳು ಹಾಲು, ಎಣ್ಣೆಯ ಮಾದರಿ ಒಯ್ಯುವಂತೆಯೇ ಸಂತೆಯ ಒಣಮೀನನ್ನೂ ಪರೀಕ್ಷೆಗೆ ಒಯ್ಯಬೇಕು, ಫಲಿತಾಂಶವನ್ನು ಜನರಿಗೆ ತಿಳಿಸಬೇಕು. ಅಲ್ಲಿಯವರೆಗೆ ಸಣ್ಣ ಮೀನನ್ನೇ ಕೊಳ್ಳಿ. ಶಾರ್ಕ್‌ನಂಥ ದೊಡ್ಡ ಬೇಟೆಗಾರ ಮೀನಿನ ಒಣತುಂಡನ್ನು ಬಸುರಿಯರಿಗೆ, ಬಾಣಂತಿಯರಿಗೆ, ಮಕ್ಕಳಿಗೆ ಬಡಿಸಲೇಬೇಡಿ.